ಜಾಲದ ವಿಳಾಸವೂ ವಾಚನ ಕಲೆಯೂ

ಇಂದು ನಮ್ಮ ನಾಡಿನಲ್ಲಿ ಬಹು ಜನರ ಕಿವಿಗೆ ದಿನವೂ ಬೀಳುವ ಕನ್ನಡ ಗದ್ಯ ಯಾವುದೆಂದು ಕೇಳಿದರೆ, ಅದು ಕಥೆ ಕಾದಂಬರಿಗಳದಲ್ಲ, ಸಭೆಯ ಭಾಷಣದ್ದೂ ಅಲ್ಲ, ರೇಡಿಯೋ ಟೆಲಿವಿಷನ್‌ಗಳಲ್ಲಿ ಹಿನ್ನೆಲೆಯ ದನಿಯೊಂದು ಓದುವ ಜಾಹೀರಾತಿನದು ಎಂದು ಒಪ್ಪಿಕೊಳ್ಳಬೇಕಾದೀತು. ಇಪ್ಪತ್ತು ಮೂವತ್ತು ಸೆಕೆಂಡುಗಳ ಈ ಬರಹವನ್ನು ಸಾಹಿತ್ಯವೆಂದು ಯಾರೂ ಕರೆಯುವುದಿಲ್ಲ, ಬರೆದವನೇ ಕರೆಯುವುದಿಲ್ಲ. ಆದರೆ ಬರೆದದ್ದನ್ನು ದನಿಯೆತ್ತಿ ಓದುವುದು ನಮ್ಮಲ್ಲಿ ಬಹು ಹಳೆಯ ಕಲೆ. ಆ ಕಲೆಯನ್ನು ಬಲ್ಲವರ ದೃಷ್ಟಿಯಿಂದ ಈ ಬರಹವನ್ನು ಒಮ್ಮೆ ನೋಡಬಾರದೇಕೆ? ಇಡೀ ಬರಹವನ್ನಲ್ಲ, ಅದರ ಕೊನೆಯ ನಾಲ್ಕು ಸೆಕೆಂಡುಗಳನ್ನು. ಜಾಲತಾಣದ ವಿಳಾಸವನ್ನೂ ಹ್ಯಾಷ್‌ಟ್ಯಾಗನ್ನೂ ಓದಿ ಮುಗಿಸುವ ಆ ಭಾಗವನ್ನು.

ಅಲ್ಲಿಯ ತನಕ ದನಿ ಸಾವಧಾನವಾಗಿ, ಮನೆಯ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಹೇಳುವಂತೆ, ಬೆಳೆ, ವಿಮೆ, ಮಕ್ಕಳ ಓದು ಎಂದು ಕನ್ನಡದಲ್ಲಿ ಮಾತನಾಡುತ್ತಿರುತ್ತದೆ. ವಿಳಾಸ ಬಂದೊಡನೆ ಅದರ ನಡೆಯೇ ಬೇರೆ. ಮೂಲ ಬರಹ ಬಹುಮಟ್ಟಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹುಟ್ಟಿರುತ್ತದೆ. ಕನ್ನಡಕ್ಕೆ ಬರುವಾಗ ವಾಕ್ಯ ಬೆಳೆಯುತ್ತದೆ, ಕಾಲ ಮಾತ್ರ ಬೆಳೆಯುವುದಿಲ್ಲ. ಎಲ್ಲಿಯಾದರೂ ಅವಸರ ಮಾಡಲೇಬೇಕು. ಆ ಅವಸರವೆಲ್ಲ ಕೊನೆಯ ಸಾಲಿನ ಪಾಲಿಗೆ ಬರುತ್ತದೆ. ಅದರಲ್ಲಿಯೂ ಒಂದು ವಿನೋದವುಂಟು. ಎಂಥ ಅವಸರದಲ್ಲಿಯೂ ಬಿಡದೆ ಹೇಳುವ ಮಾತು ‘ಡಬ್ಲ್ಯು ಡಬ್ಲ್ಯು ಡಬ್ಲ್ಯು’. ಛಂದಸ್ಸಿನ ಲೆಕ್ಕ ಹಾಕಿದರೆ ಒಂದೊಂದೂ ಗುರು ಲಘುವಿನ ಮೂರು ಮಾತ್ರೆಯ ಗಣ. ಉತ್ಸಾಹ ರಗಳೆಗೆ ಹೇಳಿ ಮಾಡಿಸಿದಂತಿದೆ. ಒಂಬತ್ತು ಮಾತ್ರೆಗಳ ಈ ಉತ್ಸಾಹದಿಂದ ಕೇಳುವವನಿಗೆ ದಕ್ಕುವ ಅರ್ಥ ಸೊನ್ನೆ. ಇಂದಿನ ಬಹುಪಾಲು ತಾಣಗಳಿಗೆ ಅದನ್ನು ಬರೆಯದೆಯೂ ಹೋಗಬಹುದು. ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರೇ ವಿಳಾಸದ ಆರಂಭದ ಎರಡು ಓರೆಗೆರೆಗಳು ಬೇಕಿರಲಿಲ್ಲವೆಂದು 2009ರಲ್ಲಿ ಹೇಳಿದರು. ಓರೆಗೆರೆಗಳನ್ನು ನಮ್ಮ ವಾಚಕರು ಕೈಬಿಟ್ಟು ಬಹು ಕಾಲವಾಯಿತು; ಡಬ್ಲ್ಯುವಿನ ಮೇಲೆ ಮಾತ್ರ ಅವರಿಗೆ ಇನ್ನೂ ಮಮತೆ.

ವಿಳಾಸವೆಂಬುದು ಕಣ್ಣಿಗಾಗಿ ಹುಟ್ಟಿದ್ದು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಇರುವುದೆಲ್ಲ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆ. ಇದು ಹೊಸ ಕಾಲದ ವಿಕಾರವೆಂದು ಮೂಗು ಮುರಿಯುವವರು ನಮ್ಮ ಓಲೆಗರಿಯ ಹಸ್ತಪ್ರತಿಯೊಂದನ್ನು ನೋಡಬೇಕು. ಅಲ್ಲಿಯೂ ಪದಗಳ ನಡುವೆ ತೆರಪಿಲ್ಲ. ಪದ್ಯದ ಪಾದ ಮುಗಿದರೂ ಗೆರೆ ಮುಗಿಯುವುದಿಲ್ಲ. ಷಟ್ಪದಿಯಲ್ಲಂತೂ ಎಷ್ಟೋ ವೇಳೆ ಪದದ ಅರ್ಧ ಈ ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ. ಕುಮಾರವ್ಯಾಸನನ್ನು ಓದುವ ಗಮಕಿ ಮೊದಲು ಮಾಡುವ ಕೆಲಸ ರಾಗ ಹಿಡಿಯುವುದಲ್ಲ, ಪದವಿಭಾಗ. ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಬಲ್ಲವನು ಓದಿದರೆ ಅಕ್ಷರ ತಿಳಿಯದವನಿಗೂ ಕಾವ್ಯ ತಿಳಿಯುತ್ತದೆ. ಬಲ್ಲದವನು ಓದಿದರೆ ಪಂಡಿತನಿಗೂ ಗೋಜಲು. ಗಮಕಿಯ ಓದೇ ಒಂದು ವ್ಯಾಖ್ಯಾನ. ವಿಳಾಸವನ್ನು ಓದುವವರ ಕೆಲಸವೂ ಇದೇ ಎಂದರೆ ಅತಿಶಯೋಕ್ತಿಯೆನಿಸಬಹುದು, ನನಗೆ ಹಾಗೆನ್ನಿಸುವುದಿಲ್ಲ.

2013ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಟ್ವಿಟರಿನಲ್ಲಿ ಒಂದು ಹ್ಯಾಷ್‌ಟ್ಯಾಗ್ ಹರಿದಾಡಿತು. ‘ನೌ ಥ್ಯಾಚರ್ಸ್ ಡೆಡ್’ ಎಂಬ ಮಾತು, ಸಣ್ಣಕ್ಷರಗಳಲ್ಲಿ, ತೆರಪಿಲ್ಲದೆ. ಥ್ಯಾಚರ್ ಎಂಬ ಹೆಸರಿನ ಮೊದಲ ನಾಲ್ಕು ರೋಮನ್ ಅಕ್ಷರಗಳನ್ನು ಕತ್ತರಿಸಿಕೊಂಡು ಕೆಲವರು ಅದನ್ನು ‘ನೌ ದಟ್ ಷೇರ್ಸ್ ಡೆಡ್’ ಎಂದು ಓದಿದರು; ಅಮೆರಿಕದ ಗಾಯಕಿ ಷೇರ್ ತೀರಿಕೊಂಡರೆಂದು ದುಃಖಪಟ್ಟರು. ಗಾಯಕಿ ಸುಖವಾಗಿಯೇ ಇದ್ದರು. ಗಮನಿಸಬೇಕಾದದ್ದೇನೆಂದರೆ, ಈ ತಪ್ಪು ಕಣ್ಣಿನದು. ಯಾರಾದರೂ ಗಟ್ಟಿಯಾಗಿ ಓದಿದ್ದರೆ ಥಕಾರ ದಕಾರಗಳೇ ಎರಡರ್ಥವನ್ನೂ ಬೇರ್ಪಡಿಸುತ್ತಿದ್ದವು. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅನುಕೂಲವಾಗಲೆಂದು ಹ್ಯಾಷ್‌ಟ್ಯಾಗಿನ ಪ್ರತಿ ಪದವನ್ನೂ ದೊಡ್ಡಕ್ಷರದಿಂದ ಆರಂಭಿಸಿರೆಂದು ಇಂಗ್ಲಿಷಿನವರು ಹೇಳುವುದುಂಟು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳಿಲ್ಲ. ಒಡೆಯುವ ಹೊಣೆಯೆಲ್ಲ ದನಿಯದು.

ಕನ್ನಡದ ವಾಚಕನಿಗೆ ಇದಕ್ಕಿಂತ ದೊಡ್ಡ ತೊಡಕೊಂದುಂಟು. ಕನ್ನಡದ ಪದವೇ ರೋಮನ್ ವೇಷ ತೊಟ್ಟು ವಿಳಾಸವಾಗಿರುತ್ತದೆ. ದನಿ ಅದನ್ನು ಮರಳಿ ಕನ್ನಡವಾಗಿ ನುಡಿಯುತ್ತದೆ. ಕೇಳಿದವನು ಮತ್ತೆ ರೋಮನ್ನಿಗೆ ತಿರುಗಿಸಿಕೊಳ್ಳಬೇಕು. ಆ ತಿರುವಿಗೆ ಒಪ್ಪಿತವಾದ ನಿಯಮವೇ ಇಲ್ಲ. ‘ಸೇವಾ ಸಿಂಧು’ ಎಂಬ ಮಾತನ್ನು ತರಗತಿಯಲ್ಲಿ ಹೇಳಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರೆಂದೆ. ಒಬ್ಬಳು ‘ವಿ’ ಹಾಕಿದಳು, ಇನ್ನೊಬ್ಬ ‘ಡಬ್ಲ್ಯು’. ದೀರ್ಘಕ್ಕೆ ಒಬ್ಬನದು ಎರಡು ‘ಎ’, ಮತ್ತೊಬ್ಬನದು ಒಂದೇ. ‘ಧು’ವಿನ ‘ಎಚ್’ ಕೆಲವರಲ್ಲಿ ಮಾಯ. ಎಲ್ಲರೂ ಸರಿಯಾಗಿಯೇ ಕೇಳಿದ್ದರು. 2023ರಲ್ಲಿ ಗೃಹಜ್ಯೋತಿಯ ಅರ್ಜಿಗೆಂದು ಕೊಟ್ಟ ವಿಳಾಸದಲ್ಲಿ ‘ಸೇವಾಸಿಂಧು’ವಿನ ಬೆನ್ನಿಗೆ ‘ಜಿ’ ‘ಎಸ್’ ಎಂಬ ಎರಡಕ್ಷರ ತೆರಪಿಲ್ಲದೆ ಅಂಟಿಕೊಂಡಿದ್ದವು. ಆ ‘ಜ್ಯೋತಿ’ಯನ್ನು ನಮ್ಮ ರಾಜ್ಯ ರೋಮನ್ನಿನಲ್ಲಿ ‘ಟಿ ಎಚ್’ ಹಾಕಿ ಬರೆಯುತ್ತದೆ; ಕೇಂದ್ರದ ‘ಗ್ರಾಮ ಜ್ಯೋತಿ’ಯಲ್ಲಿ ‘ಎಚ್’ ಇಲ್ಲ. ಆಸ್ತಿ ನೋಂದಣಿಯ ತಾಣವಾದ ‘ಕಾವೇರಿ’ ಆರಂಭವಾಗುವುದು ‘ಕೆ’ಯಿಂದ, ಇಂಗ್ಲಿಷ್ ಪತ್ರಿಕೆಗಳಲ್ಲಿ ಅದೇ ನದಿಯ ಹೆಸರು ‘ಸಿ’ಯಲ್ಲಿ ಹುಟ್ಟಿ ‘ವೈ’ಯಲ್ಲಿ ಸಮುದ್ರ ಸೇರುವುದನ್ನು ಕಂಡವನು ಯಾವುದನ್ನು ನಂಬಬೇಕು? ಕಿಟ್ಟೆಲರ ನಿಘಂಟಿನಲ್ಲಿ ದೀರ್ಘಕ್ಕೊಂದು ಗೆರೆ, ಮೂರ್ಧನ್ಯಕ್ಕೊಂದು ಚುಕ್ಕಿ ಎಂಬ ಏರ್ಪಾಡಿತ್ತು. ಜಾಲದ ರೋಮನ್ ವಿಳಾಸಗಳಲ್ಲಿ ಆ ಗೆರೆ ಚುಕ್ಕಿಗಳಿಗೆ ಸ್ಥಳವಿಲ್ಲ.

ಹಿಂದಿಯ ಮಾತೇ ವಿಳಾಸವಾಗಿ ಬಂದರಂತೂ ಕಷ್ಟ ಇಮ್ಮಡಿ. ರಿಸರ್ವ್ ಬ್ಯಾಂಕು ಜನರನ್ನು ಎಚ್ಚರಿಸಲೆಂದು ನಡೆಸುವ ತಾಣದ ಹೆಸರಿನಲ್ಲಿ ‘ಆರ್‌ಬಿಐ’ ಆದ ಮೇಲೆ ‘ಕೆಹತಾ ಹೈ’ ಎಂದಿದೆ. ಉದ್ದೇಶ ಒಳ್ಳೆಯದು, ತಾಣವೂ ಉಪಯುಕ್ತವಾದದ್ದು. ಆದರೆ ‘ಕೆ’ಯ ಮುಂದೆ ಬರುವುದು ‘ಎ’ಯೋ ‘ಇ’ಯೋ? ಹಿಂದಿಯವರು ತಮ್ಮ ಲಿಪಿಯಲ್ಲಿ ‘ಕಹತಾ’ ಎಂದು ಬರೆದು ಬಾಯಲ್ಲಿ ‘ಕೆಹತಾ’ ಎನ್ನುವವರು. ಕನ್ನಡಿಗನಿಗೆ ಈ ಗುಟ್ಟು ತಿಳಿಯುವುದು ಹೇಗೆ? ವಿಳಾಸವನ್ನು ಅನುವಾದಿಸುವಂತಿಲ್ಲ, ನಿಜ. ಇಂಥ ಕಡೆ ಅನುವಾದಕ ಮೇಲಿನ ಎರಡು ವಿಶೇಷಣಗಳನ್ನು ಕಿತ್ತುಹಾಕಿ, ಅಕ್ಷರಗಳನ್ನು ಬಿಡಿಸಿ ಹೇಳುವಷ್ಟು ಹೊತ್ತನ್ನು ದಕ್ಕಿಸಿಕೊಳ್ಳಬಹುದು.

ನನ್ನ ಮುಖ್ಯ ಆಕ್ಷೇಪಣೆ ಇದಾವುದೂ ಅಲ್ಲ. ವಿಳಾಸದ ತಲೆಯನ್ನು ವಾಚಕರು ಹೇಗೋ ಸ್ಪಷ್ಟವಾಗಿಯೇ ಹೇಳುತ್ತಾರೆ; ನುಂಗುವುದು ಬಾಲವನ್ನು. ‘ಡಾಟ್ ಗವ್ ಡಾಟ್ ಇನ್’ ಎಂಬುದು ಅವಸರದ ಪುರೋಹಿತರ ಕೊನೆಯ ಮಂತ್ರದಂತೆ ಗೊಣಗಾಗಿ ಹೋಗುತ್ತದೆ. ಒಬ್ಬರು ‘ಗೌ’ ಎನ್ನುತ್ತಾರೆ, ಒಬ್ಬರು ‘ಗೋವ್’. ಹಳ್ಳಿಯ ಕಿವಿಗೆ ಅಲ್ಲಿ ಗೋವು ಕೇಳಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ವಿಳಾಸದ ಪ್ರಾಣವಿರುವುದು ಆ ಬಾಲದಲ್ಲಿ. ಲಕೋಟೆಯ ಮೇಲೆ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಂದು ಬರೆದದ್ದನ್ನು ಅಂಚೆಯವರು ಕೆಳಗಿನಿಂದ ಮೇಲಕ್ಕೆ ಓದುವಂತೆ, ಯಂತ್ರವೂ ಜಾಲದ ವಿಳಾಸವನ್ನು ಕೊನೆಯಿಂದ ಮೊದಲಿಗೆ ಓದುತ್ತದೆ. ‘ಸೇವಾ’, ‘ಕರ್ನಾಟಕ’, ‘ಲಕ್ಷ್ಮಿ’ ಎಂಬ ಮಾತುಗಳನ್ನು ಯಾವ ವಂಚಕನೂ ತನ್ನ ವಿಳಾಸದ ಮುಂಭಾಗಕ್ಕೆ ತೊಡಿಸಬಹುದು. ಕೊನೆಯ ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆಂದು ಮೀಸಲಾದದ್ದು. ಸರ್ಕಾರದ ತಾಣಕ್ಕೂ ಅದರ ಸೋಗಿಗೂ ಇರುವ ವ್ಯತ್ಯಾಸ ಆ ಎರಡು ತುಣುಕುಗಳಲ್ಲಿದೆ. ಕನ್ನಡ ವಾಕ್ಯದಲ್ಲಿ ಉಂಟೋ ಇಲ್ಲವೋ ಎಂದು ತಿಳಿಯುವುದು ಕೊನೆಯ ಕ್ರಿಯಾಪದದಲ್ಲಿ. ಅದನ್ನು ನುಂಗಿ ಓದುವ ವಿದ್ಯಾರ್ಥಿಯನ್ನು ನಾವು ನಿಲ್ಲಿಸಿ ಮತ್ತೊಮ್ಮೆ ಓದಿಸುತ್ತೇವೆ. ಈ ದನಿಗಳನ್ನು ನಿಲ್ಲಿಸಿ ಓದಿಸುವವರಿಲ್ಲ. ಸೈಬರ್ ವಂಚನೆಗೆ ಸಿಕ್ಕವರು ದೂರು ಕೊಡಬೇಕಾದ ತಾಣದ ವಿಳಾಸವನ್ನೂ ಹೀಗೆ ನುಂಗಿ ಓದಿದರೆ, ಹಣ ಕಳೆದುಕೊಂಡು ಗಾಬರಿಯಲ್ಲಿರುವ ಮನುಷ್ಯನಿಗೂ ಮತ್ತೊಂದು ಬಲೆಗೂ ನಡುವೆ ಉಳಿಯುವುದು ಒಂದೆರಡು ಅಕ್ಷರಗಳ ಅಂತರ. ಅದರ ಜೊತೆಗಿರುವ 1930 ಎಂಬ ಸಹಾಯವಾಣಿಯ ಸಂಖ್ಯೆಯನ್ನು ‘ಒಂದು ಒಂಬತ್ತು ಮೂರು ಸೊನ್ನೆ’ ಎಂದು ಅಚ್ಚಕನ್ನಡದಲ್ಲಿ ಹೇಳಬಹುದು. ಒಮ್ಮೆ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಹ್ಯಾಷ್‌ಟ್ಯಾಗಿನ ವಿಷಯವನ್ನು ಬೇಗ ಮುಗಿಸಬಹುದು. ಟ್ವಿಟರಿನ ಮಾತುಗಳನ್ನು ವಿಷಯವಾರು ಗುಂಪು ಮಾಡಲು 2007ರ ಆಗಸ್ಟಿನಲ್ಲಿ ಕ್ರಿಸ್ ಮೆಸ್ಸಿನಾ ಎಂಬವರು ಸೂಚಿಸಿದ ಗುರುತು ಅದು. ಗ್ರಂಥದ ಕೊನೆಯ ಪದಸೂಚಿ ಇದ್ದಂತೆ. ಅದರ ಹೆಸರನ್ನೂ ದನಿಯಲ್ಲಿ ಹೇಳುವುದು, ನಾಟಕದ ಪಾತ್ರಧಾರಿ ಸಂಭಾಷಣೆಯೊಡನೆ ಕಂಸದೊಳಗಿನ ‘ನಗುತ್ತ’ ಎಂಬುದನ್ನೂ ಒಪ್ಪಿಸಿದಂತೆ. ಮಾತು ಗಟ್ಟಿಯಾಗಿದ್ದರೆ ಗುರುತಿನ ಹೆಸರು ಬೇಕಿಲ್ಲ. 2017ರಲ್ಲಿ ಬೆಂಗಳೂರಿನ ಮೆಟ್ರೋ ಫಲಕಗಳ ವಿಷಯವಾಗಿ ಎದ್ದ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬುದು ಜಾಹೀರಾತಲ್ಲ; ಅದರ ವಾದ ಇಲ್ಲಿನ ಚರ್ಚೆಗೆ ಸೇರಿದ್ದೂ ಅಲ್ಲ. ಮಾತಿನ ಕಟ್ಟನ್ನು ಮಾತ್ರ ನೋಡಿ: ನಾಲ್ಕೇ ಪದ, ತೂಕವೆಲ್ಲ ಕೊನೆಯ ‘ಬೇಡ’ದ ಮೇಲೆ. ರೋಮನ್ ಅಕ್ಷರಗಳಲ್ಲಿ ತೆರಪಿಲ್ಲದೆ ಬರೆದರೂ ಕನ್ನಡ ಬಲ್ಲವನು ಎಡವದೆ ಒಡೆದು ಓದುತ್ತಾನೆ. ಜಾಹೀರಾತಿನ ಹ್ಯಾಷ್‌ಟ್ಯಾಗುಗಳಾದರೋ ಬಹುಮಟ್ಟಿಗೆ ಇಂಗ್ಲಿಷ್ ಪ್ರಾಸದ ಚಮತ್ಕಾರವನ್ನು ನಂಬಿದವು. 2020ರ ‘ವೋಕಲ್ ಫಾರ್ ಲೋಕಲ್’ ಅನ್ನು ಕನ್ನಡಕ್ಕೆ ತಂದರೆ ಪ್ರಾಸ ಉಳಿಯದು, ತರದಿದ್ದರೆ ಅರ್ಥ ಉಳಿಯದು.

ಬರೆಯುವವನು ವಿಳಾಸವನ್ನು ಅಚ್ಚಿನ ರೂಪದಲ್ಲಿ ಹಾಗೆಯೇ ಅಂಟಿಸಿ ಕೈತೊಳೆದುಕೊಳ್ಳಬಾರದು. ನುಡಿಯುವ ರೂಪದಲ್ಲಿ ಬಿಡಿಸಿ ಬರೆದುಕೊಡಬೇಕು. ‘ಸೇವಾಸಿಂಧು, ಎಲ್ಲ ಕೂಡಿ ಒಂದೇ ಪದ, ಸೇವಾದಲ್ಲಿ ವಿ, ಒಂದೇ ಎ, ಡಾಟ್, ಕರ್ನಾಟಕ, ಡಾಟ್, ಜಿ ಓ ವಿ, ಡಾಟ್, ಐ ಎನ್’ ಎಂದು ಓದಿದರೆ ಹತ್ತು ಸೆಕೆಂಡು ಬೇಕಾದೀತು. ಬೇಕಾಗಲಿ. ಕೇಳುವವನು ಬರೆದುಕೊಳ್ಳಲಾರದ ವಿಳಾಸಕ್ಕೆ ನಾಲ್ಕು ಸೆಕೆಂಡಾದರೂ ಏಕೆ ಕೊಡಬೇಕು? ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂದು ಹೆಸರಾಯಿತು. ಹೊಸ ಯಂತ್ರವೊಂದು ಬಂದಾಗ ಅದನ್ನು ನಮ್ಮ ಬಾಯಿಗೆ ಒಗ್ಗಿಸಿಕೊಳ್ಳುವ ಧೈರ್ಯ ಆಗ ಇತ್ತು. ಈಗ ಕನ್ನಡ ಲಿಪಿಯಲ್ಲಿಯೇ ಬರೆದು ‘ಭಾರತ’ ಎಂದು ಮುಗಿಸುವ ವಿಳಾಸವನ್ನು ಪಡೆಯುವ ಏರ್ಪಾಡೂ ಉಂಟು. ಒಳಗೆ ಯಂತ್ರ ಅದನ್ನು ರೋಮನ್ ಅಕ್ಷರಗಳಿಗೆ ತಿರುಗಿಸಿಕೊಳ್ಳುತ್ತದೆಯಾದರೂ ಬರೆಯುವವನಿಗೆ ‘ವಿ’ ‘ಡಬ್ಲ್ಯು’ಗಳ ಜಗಳವಿಲ್ಲ, ಕೇಳಿದಂತೆ ಬರೆದರಾಯಿತು. ಜಾಹೀರಾತಿನಲ್ಲಿ ಅಂಥದೊಂದನ್ನು ನಾನಿನ್ನೂ ಕೇಳಿಲ್ಲ. ಕೇಳುವ ದಿನ ಬಂದಾಗ ಅದರ ನಡುವಿನ ಗುರುತನ್ನು ಡಾಟ್ ಎನ್ನಬೇಕೆ, ಬಿಂದು ಎನ್ನಬೇಕೆ ಎಂದು ನಮ್ಮ ಪಂಡಿತರಲ್ಲಿ ಒಂದು ವಾದ ನಡೆಯುವುದು ಖಂಡಿತ. ಬಿಂದುವೆಂದರೆ ನಮ್ಮ ವ್ಯಾಕರಣದಲ್ಲಿ ಅನುಸ್ವಾರವೂ ಹೌದಾದ್ದರಿಂದ ನನ್ನ ಮತ ‘ಚುಕ್ಕಿ’ಗೆ.