ಹಳೆ ಬಿಎಂಎಕ್ಸ್ ಜಾಹೀರಾತಿಗೊಂದು ಟೀಕು

ಠಾಣೆ, ಕಲ್ಯಾಣ, ನವಿಮುಂಬಯಿ ಕಡೆ ಹಳೆ ಸೈಕಲ್ ಮಾರುವವರ ಧಾಟಿಯಲ್ಲಿ ನಾನೇ ಹೆಣೆದ ಐದು ಸಾಲುಗಳಿವು. ಮಗ ಹಟ ಹಿಡಿದನೆಂದು ಬಿಎಂಎಕ್ಸ್ ಹುಡುಕಲು ಹೊರಟ ಅಪ್ಪಂದಿರಿಗಾಗಿ ಈ ಟೀಕು.

“20 ಇಂಚಿನ ಬಿಎಂಎಕ್ಸ್, ಡೊಂಬಿವಲಿ ಪೂರ್ವ.”
ಇದು ಚಕ್ರದ ಅಳತೆ. ಇಷ್ಟರಿಂದ ಏನೂ ತೀರ್ಮಾನವಾಗದು. ಮಕ್ಕಳ ಸಾದಾ ಸೈಕಲ್ಲಿಗೂ ಇದೇ ಚಕ್ರ. ದಪ್ಪ ಟೈರು ಹಾಕಿದರೆ ಅದೂ ಅಂಗಡಿಯಲ್ಲಿ ಬಿಎಂಎಕ್ಸ್ ಆಗಿಬಿಡುತ್ತದೆ. ಅಸಲಿ ಬಿಎಂಎಕ್ಸ್‌ಗೆ ಗೇರು ಒಂದೇ, ಮಡ್‌ಗಾರ್ಡ್ ಇಲ್ಲ, ಸೀಟು ತೀರಾ ತಗ್ಗು. ಓಡಿಸುವವನು ಕೂರುವುದೇ ಕಡಿಮೆ. ಏರಿಸಿಕೊಡಿ ಎಂದು ಮೆಕ್ಯಾನಿಕ್‌ನನ್ನು ಕಾಡಬೇಡಿ.

“ರೇಸ್ ಸೈಕಲ್, ಅಲ್ಯುಮಿನಿಯಂ ಫ್ರೇಮ್, ಹಗುರ.”
ಬಿಎಂಎಕ್ಸ್ ಹುಟ್ಟಿದ್ದೇ ರೇಸಿನಲ್ಲಿ. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಹುಡುಗರು ಮೋಟೊಕ್ರಾಸ್ ಸವಾರರನ್ನು ನೋಡಿ ಮಣ್ಣುದಿಬ್ಬಗಳ ಮೇಲೆ ಸೈಕಲ್ ಹಾರಿಸತೊಡಗಿದರು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮೊದಲು ಹೊಕ್ಕಿದ್ದೂ ರೇಸೇ. ಎಂಟು ಮಂದಿ ಒಟ್ಟಿಗೆ ಇಳಿಜಾರಿನಿಂದ ನುಗ್ಗುತ್ತಾರೆ. ಮನೆ ಹತ್ತಿರ ಟ್ರ್ಯಾಕ್ ಇಲ್ಲದಿದ್ದರೆ ಈ ಸಾಲಿಗೆ ದುಡ್ಡು ಸುರಿಯಬೇಡಿ.

“ನಾಲ್ಕು ಪೆಗ್ ಸಮೇತ, ಜೈರೊ ಇದೆ.”
ಇಲ್ಲಿ ಶುರು ಪೂರ್ವಾಪರ ವಿರೋಧ. ಪೆಗ್ ಎಂದರೆ ಆಕ್ಸಲ್ ತುದಿಗೆ ಕೂರಿಸುವ ಗಿಡ್ಡ ಕೊಳವೆ. ರೇಸಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ತಂಗಿಯನ್ನು ಟ್ಯೂಶನ್ನಿಗೆ ನಿಲ್ಲಿಸಿಕೊಂಡು ಹೋಗಲಿಕ್ಕೂ ಅಲ್ಲ. ಸ್ಟ್ರೀಟ್ ಸವಾರರು ಅದನ್ನು ಕಟ್ಟೆಯಂಚು, ಕಂಬಿಗಳ ಮೇಲೆ ಉಜ್ಜಿಕೊಂಡು ಜಾರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ಒಂದೇ ಪಕ್ಕಕ್ಕೆ ಪೆಗ್ ಇದ್ದರೆ ಸಾಕು. ನಾಲ್ಕೂ ಇದ್ದರೆ ಹೆಚ್ಚಾಗಿ ಫ್ಲ್ಯಾಟ್‌ಲ್ಯಾಂಡ್: ಹಾರುವುದಿಲ್ಲ, ಪೆಗ್ ಮೇಲೆ ನಿಂತು ಸೈಕಲ್ಲನ್ನು ಒಂಟಿ ಚಕ್ರದಲ್ಲಿ ಗಿರಗಿರ ತಿರುಗಿಸುವುದು. ಹ್ಯಾಂಡಲ್ ಎಷ್ಟು ಸುತ್ತಿದರೂ ಬ್ರೇಕ್ ಕೇಬಲ್ ಸಿಕ್ಕಾಗದಂತೆ ಜೈರೊ ನೋಡಿಕೊಳ್ಳುತ್ತದೆ. ಫ್ರೇಮ್ ಗಿಡ್ಡವೇ, ಟೈರು ನುಣುಪೇ ಎಂದು ನೋಡಿ; ಹೌದಾದರೆ ಫ್ಲ್ಯಾಟ್‌ಲ್ಯಾಂಡೇ. ನಮ್ಮ ಊರುಗಳಿಗೆ ನನ್ನ ಮತ ಇದಕ್ಕೇ. ಬೇಕಾದ್ದು ಸಮತಟ್ಟಾದ ಕಾಂಕ್ರೀಟು ನೆಲ; ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗ್ ಆದರೆ ಜುಲೈ ಮಳೆಯಲ್ಲೂ ಆಟ ನಿಲ್ಲದು. ತೊಂದರೆ ಒಂದೇ: ಡೊಂಬಿವಲಿಯವರು ಕೆಲಸಕ್ಕೆ ಲೋಕಲ್‌ನಲ್ಲಿ ಹೋಗುವುದರಿಂದ ಕಾರುಗಳು ಕದಲುವುದೇ ಇಲ್ಲ. ಸೊಸೈಟಿಯ ಸೆಕ್ರೆಟರಿಯನ್ನು ಮೊದಲೇ ಮಾತಾಡಿಸಿಡಿ.

“ಕ್ರೋಮೊಲಿ ಫ್ರೇಮ್, 2.4 ಟೈರು, ಮುಂದೆ ಬ್ರೇಕ್ ಇಲ್ಲ.”
ಈಗಷ್ಟೇ ಅಲ್ಯುಮಿನಿಯಂ ಆಗಿದ್ದ ಫ್ರೇಮ್ ಎರಡೇ ಸಾಲಿನಲ್ಲಿ ಉಕ್ಕಾಗಿದೆ! ಕ್ರೋಮೊಲಿ ಎಂದರೆ ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಗಟ್ಟಿ ಉಕ್ಕು. ಎತ್ತರದಿಂದ ಬಿದ್ದಾಗಿನ ಪೆಟ್ಟು ತಾಳುತ್ತದೆ; ಅಗಲ ಟೈರು ಸ್ವಲ್ಪ ನುಂಗಿಕೊಳ್ಳುತ್ತದೆ. ಹಾಗಾಗಿ ಇದು ಸ್ಟ್ರೀಟ್ ಅಥವಾ ಪಾರ್ಕ್ ಸೈಕಲ್. ಕಟ್ಟಿದ ಇಳಿಜಾರುಗಳ ಮೇಲೆ ಹಾರಾಡುವ ಪಾರ್ಕ್ ಪ್ರಕಾರ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ ಬಂತು. ಮಣ್ಣುದಿಬ್ಬ ಹಾರಿಸುವ ಡರ್ಟ್ ಸೈಕಲ್ಲೂ ಹೀಗೇ, ಟೈರಿಗೆ ಹಲ್ಲು ಜಾಸ್ತಿ. ಮುಂದಿನ ಬ್ರೇಕ್ ಇಲ್ಲದಿರುವುದು ಈ ಆಟದಲ್ಲಿ ಕೊರತೆಯಲ್ಲ. ಕಲ್ಯಾಣ–ಶಿಳ್ ರಸ್ತೆಗೆ ಮಾತ್ರ ಇಳಿಸಬೇಡಿ.

“ಒಂದೇ ಮಳೆಗಾಲ ಓಡಿಸಿದ್ದು.”
ಉಕ್ಕಿಗೆ ಇಲ್ಲಿನ ಒಂದು ಮಳೆಗಾಲ ಸಾಕು. ತುಕ್ಕು ಕೊಳವೆಯ ಒಳಗಿನಿಂದ ಹಿಡಿಯುತ್ತದೆ, ಹೊರಗೆ ಪೇಂಟು ಫಳಫಳ. ಸೀಟಿನ ಕಂಬ ಕಿತ್ತು, ಸೈಕಲ್ಲನ್ನು ತಲೆಕೆಳಗು ಮಾಡಿ ಕುಲುಕಿ. ಕೆಂಪು ಪುಡಿ ಸುರಿದರೆ ಬೆಲೆ ಕೇಳಲೂ ಹೋಗಬೇಡಿ.