ಮರಳಿದ ಮುಖ, ಮರಳದ ಕಾಲ

ಅಭಿಮಾನವು ವಿಮರ್ಶೆಗೆ ಅಡ್ಡಿಯೆಂದು ಹೇಳುವುದು ರೂಢಿ. ಆದರೆ ಒಬ್ಬ ಕಲಾವಿದನ ಕೃತಿಗಳೊಡನೆ ದಶಕಗಳ ಕಾಲ ಬಾಳಿದವನಿಗೆ ಆತನ ಹೊಸ ಕೃತಿಯಲ್ಲಿ ಸಹಜವಾದುದಾವುದು, ಆರೋಪಿತವಾದುದಾವುದು ಎಂಬುದು ಬೇಗನೆ ಗೋಚರಿಸುವುದೂ ಉಂಟು. ಅಮೆರಿಕದ ಗಾಯಕ ಹಾಗೂ ಪಿಯಾನೋ ವಾದಕ ಬಿಲ್ಲಿ ಜೋಯೆಲ್ ಅವರ ‘ಟರ್ನ್ ದ ಲೈಟ್ಸ್ ಬ್ಯಾಕ್ ಆನ್’ ಗೀತೆಯ ವಿಡಿಯೋ ಚಿತ್ರವು ಹಳೆಯ ಅಭಿಮಾನಿಯ ಮನಸ್ಸಿನಲ್ಲಿ ಸಂತೋಷವನ್ನೂ ಕಸಿವಿಸಿಯನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ಈ ಎರಡು ಭಾವಗಳಿಗೂ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

1949ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಜನಿಸಿದ ಜೋಯೆಲ್, 1973ರ ‘ಪಿಯಾನೋ ಮ್ಯಾನ್’ ಗೀತೆಯಿಂದ ಪ್ರಸಿದ್ಧರಾದರು. 1993ರಲ್ಲಿ ‘ರಿವರ್ ಆಫ್ ಡ್ರೀಮ್ಸ್’ ಗೀತಸಂಪುಟವನ್ನು ಹೊರತಂದ ಮೇಲೆ ಅವರು ಗೀತರಚನೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟರು. 2001ರಲ್ಲಿ ಶಾಸ್ತ್ರೀಯ ಶೈಲಿಯ ಪಿಯಾನೋ ರಚನೆಗಳ ಸಂಪುಟವೊಂದು ಬಂದಿತು. 2007ರಲ್ಲಿ ಬಿಡಿ ಗೀತೆಗಳು ಬಂದವು. ಹಾಡುವುದನ್ನು ಮಾತ್ರ ಅವರು ಬಿಡಲಿಲ್ಲ. 2014ರ ಜನವರಿಯಿಂದ ಹತ್ತು ವರ್ಷಗಳಿಗೂ ಮಿಕ್ಕಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಹಳೆಯ ಗೀತೆಗಳನ್ನೇ ಕಿಕ್ಕಿರಿದ ಸಭೆಗಳಿಗೆ ಹಾಡಿದರು. ಹಾಡುವವನು ಇದ್ದಾನೆ, ಬರೆಯುವವನು ಮೌನವಾಗಿದ್ದಾನೆ ಎಂಬ ಕೊರಗು ಅಭಿಮಾನಿಯಲ್ಲಿ ಉಳಿದೇ ಇದ್ದಿತು. ಆದುದರಿಂದ ಫ್ರೆಡ್ಡಿ ವೆಕ್ಸ್‌ಲರ್ ಮೊದಲಾದವರೊಡಗೂಡಿ ರಚಿಸಿದ ಈ ಹೊಸ ಗೀತೆ 2024ರ ಫೆಬ್ರವರಿ 1ರಂದು ಬಿಡುಗಡೆಯಾದುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಗೀತೆಯ ವಸ್ತು ಸರಳವಾದುದು. ಪ್ರೀತಿಪಾತ್ರರ ಮುಂದೆ ಹೇಳಬೇಕಾದುದನ್ನು ಸಕಾಲದಲ್ಲಿ ಹೇಳದೆ ಕಾಲವನ್ನು ಕಳೆದವನೊಬ್ಬನು, ಈ ವಿಳಂಬಕ್ಕೆ ಕ್ಷಮೆಯುಂಟೇ ಎಂದು ಕೇಳುತ್ತಾನೆ. ದೀರ್ಘಕಾಲ ಮೌನವಾಗಿದ್ದ ಗೀತಕಾರನು ತನ್ನ ಶ್ರೋತೃಗಳನ್ನೇ ಹೀಗೆ ಕೇಳುತ್ತಿರುವನೋ ಎಂದು ಅಭಿಮಾನಿಗೆ ಅನಿಸುವುದು ಸ್ವಾಭಾವಿಕ. ಎಪ್ಪತ್ತು ದಾಟಿದ ಕಂಠದ ಭಾರ ಈ ಪ್ರಶ್ನೆಗೆ ಪ್ರಾಮಾಣಿಕತೆಯನ್ನು ತಂದುಕೊಟ್ಟಿದೆ. ಇದೇ ಪದಗಳನ್ನು ಇಪ್ಪತ್ತೈದರ ತರುಣನು ಹಾಡಿದ್ದರೆ ಅದು ಕೇವಲ ಪ್ರಣಯಗೀತೆಯಾಗುತ್ತಿತ್ತು.

ತೊಡಕು ಪ್ರಾರಂಭವಾಗುವುದು ಅದೇ ತಿಂಗಳ ನಡುವಿನಲ್ಲಿ ಹೊರಬಂದ ವಿಡಿಯೋದಿಂದ. ಅದರಲ್ಲಿ ಪಿಯಾನೋ ಮುಂದೆ ಕುಳಿತ ಗಾಯಕನು 1970, 80, 90ರ ದಶಕಗಳ ತನ್ನ ರೂಪಗಳಲ್ಲಿ ಒಂದರ ನಂತರ ಒಂದರಂತೆ ಕಾಣಿಸಿಕೊಂಡು ಕಡೆಗೆ ಇಂದಿನ ರೂಪಕ್ಕೆ ಬರುತ್ತಾನೆ. ಇವು ಹಳೆಯ ಚಿತ್ರಸುರುಳಿಯ ತುಣುಕುಗಳಲ್ಲ; ಡೀಪ್ ವೂಡೂ ಎಂಬ ಸಂಸ್ಥೆಯು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿರ್ಮಿಸಿದ ಮುಖಗಳು. ಕೆಲಸವು ಕುಶಲವಾಗಿದೆ. ಗಾಯಕನ ಸಮ್ಮತಿಯಿಂದಲೇ ನಡೆದಿರುವುದರಿಂದ ಅನ್ಯರ ಮುಖವನ್ನು ಕದ್ದು ಬಳಸುವ ಕೃತ್ಯಗಳೊಡನೆ ಇದನ್ನು ಸೇರಿಸುವುದು ನ್ಯಾಯವಲ್ಲ. ಆದರೂ ಕಸಿವಿಸಿ ಏಕೆ? ವೃದ್ಧನ ಧ್ವನಿ ತರುಣನ ಬಾಯಿಂದ ಹೊರಡುತ್ತಿದೆ. ಕಳೆದುದು ಮರಳಲಾರದೆಂಬ ಅಳುಕಿನಿಂದ ಗೀತೆ ಕೇಳುತ್ತಿರುವಾಗ, ಬೇಕೆಂದಾಗ ಅದನ್ನು ಕರೆತರಬಹುದೆಂದು ಚಿತ್ರ ತೋರಿಸುತ್ತಿದೆ. ಕಾಲವು ಅಷ್ಟು ಸುಲಭವಾಗಿ ಮರಳುವುದಾದರೆ ಕ್ಷಮೆ ಕೇಳುವ ಅಗತ್ಯವಾದರೂ ಏನು?

ಇಲ್ಲಿ ಜೋಯೆಲ್ ಅವರದೇ ಇನ್ನೊಂದು ವಿಡಿಯೋ ನೆನಪಾಗುತ್ತದೆ. 1984ರಲ್ಲಿ ಬಿಡಿಯಾಗಿ ಹೊರಬಂದ ‘ದ ಲಾಂಗೆಸ್ಟ್ ಟೈಮ್’ ಗೀತೆಯ ಚಿತ್ರದಲ್ಲಿ, ಹಳೆಯ ಸಹಪಾಠಿಗಳ ಪುನರ್ಮಿಲನಕ್ಕೆ ಬಂದ ಗಾಯಕನೂ ಸಂಗಡಿಗರೂ ಒಮ್ಮೆ ವಯಸ್ಸಾದವರಾಗಿ, ಒಮ್ಮೆ ತರುಣರಾಗಿ ಕಾಣಿಸುತ್ತಾರೆ. ಅಂದು ಮೂವತ್ತೈದರ ಆಸುಪಾಸಿನಲ್ಲಿದ್ದ ಗಾಯಕನು ಬಣ್ಣ ಬಳಿದುಕೊಂಡು ಮುದುಕನಾದನು. 2024ರಲ್ಲಿ ಎಪ್ಪತ್ನಾಲ್ಕರ ಗಾಯಕನನ್ನು ಯಂತ್ರವು ತರುಣನನ್ನಾಗಿಸಿತು. ಅಂದಿನದೂ ಪೂರ್ಣ ಸತ್ಯವಲ್ಲ: ಧ್ವನಿಮುದ್ರಣದಲ್ಲಿ ಎಲ್ಲ ಕಂಠಗಳೂ ಜೋಯೆಲ್ ಅವರವೇ ಆಗಿದ್ದರೂ ಚಿತ್ರದಲ್ಲಿ ಹಲವರು ಹಾಡುತ್ತಾರೆ. ಆದರೆ ಬಣ್ಣದ ವೇಷವು ತಾನು ವೇಷವೆಂದು ಪ್ರೇಕ್ಷಕನಿಗೆ ತಿಳಿಸಿಯೇ ರಂಜಿಸುತ್ತದೆ. ಯಂತ್ರದ ಮುಖಕ್ಕೆ ಆ ಸಂಕೋಚವಿಲ್ಲ. ಅದು ತನ್ನನ್ನೇ ನಂಬಬೇಕೆಂದು ಬಯಸುತ್ತದೆ. ಕಲೆಯಲ್ಲಿ ಕಲ್ಪನೆಗೂ ಭ್ರಾಂತಿಗೂ ಇರುವ ಅಂತರ ಇದೇ.

ಈ ವಿಡಿಯೋದ ಪರವಾಗಿಯೂ ಹೇಳಬೇಕಾದುದುಂಟು. ಮನುಷ್ಯನು ಪಶ್ಚಾತ್ತಾಪ ಪಡುವಾಗ ತನ್ನ ಹಿಂದಿನ ರೂಪಗಳನ್ನು ಮನಸ್ಸಿನಲ್ಲಿ ಕಾಣುವುದು ಸಹಜ. ಆ ಮುಖಗಳು ಸ್ಮೃತಿಗಳೇ ಹೊರತು ಸಾಕ್ಷ್ಯಗಳಲ್ಲವೆಂದು ತಿಳಿದರೆ ಅರ್ಧದಷ್ಟು ಆಕ್ಷೇಪ ಕರಗುತ್ತದೆ. ಕಡೆಗೆ ಬಿಳಿಯ ಗಡ್ಡದ ನಿಜಮುಖ ಬಂದಾಗ ಧ್ವನಿಯೂ ರೂಪವೂ ಒಂದಾಗುತ್ತವೆ. ಇಡೀ ಕೃತಿಯಲ್ಲಿ ಮನಸ್ಸನ್ನು ತಟ್ಟುವುದು ಆ ಭಾಗವೇ.

ಅನಂತರ ನಡೆದ ಸಂಗತಿಗಳು ಈ ಅಭಿಪ್ರಾಯವನ್ನು ಬಲಪಡಿಸಿವೆ. 2024ರ ಜುಲೈ 25ರಂದು ಜೋಯೆಲ್ ಆ ಸಭಾಂಗಣದಲ್ಲಿ ತಮ್ಮ 150ನೆಯ ಕಛೇರಿಯನ್ನು ನೀಡಿ ಆ ಸರಣಿಯನ್ನು ಮುಗಿಸಿದರು. 2025ರ ಮೇ ತಿಂಗಳಲ್ಲಿ, ಮಿದುಳಿನಲ್ಲಿ ದ್ರವ ಸೇರುವ ಕಾಯಿಲೆಯಿಂದ ಶ್ರವಣ, ದೃಷ್ಟಿ ಹಾಗೂ ದೇಹದ ಸಮತೋಲನಕ್ಕೆ ತೊಂದರೆಯಾಗಿದೆಯೆಂದು ಪ್ರಕಟಿಸಿ ನಿಗದಿಯಾಗಿದ್ದ ಕಛೇರಿಗಳನ್ನು ರದ್ದುಪಡಿಸಲಾಯಿತು. ಇದನ್ನರಿತು ನೋಡುವವನಿಗೆ ತರುಣಮುಖಗಳು ಇನ್ನಷ್ಟು ಪೇಲವವಾಗಿಯೂ ಕಡೆಯ ಮುಖವು ಇನ್ನಷ್ಟು ಅಮೂಲ್ಯವಾಗಿಯೂ ತೋರುತ್ತವೆ.

ಆದುದರಿಂದ ಆಸಕ್ತ ವಾಚಕರು ಈ ಗೀತೆಯನ್ನು ಮೊದಲು ಕೇಳಬೇಕು, ಬಳಿಕ ನೋಡಬೇಕು. ಹಿರಿಯರನ್ನು ಗೌರವಿಸಲು ಅವರ ಯೌವನವನ್ನು ಎರವಲು ತರಬೇಕಾಗಿಲ್ಲ. ಅವರು ಇಂದು ಹೇಳುತ್ತಿರುವುದನ್ನು ಇಂದಿನ ಮುಖವನ್ನೇ ನೋಡುತ್ತ ಆಲಿಸಿದರೆ ಸಾಕು.