ಒಂದು ಇಂಚು ದಪ್ಪದ ಅಂಜಲ್

ಸುರಮಯಿ, ಅಂದರೆ ನಮ್ಮ ಅಂಜಲ್, ತೂಗಿಸಿ, ಚೌಕಾಸಿ ಮುಗಿಸಿ, ದುಡ್ಡಿನ ಮಾತೂ ತೀರಿದ ಮೇಲೆ ಮಲಾಡಿನ ಮೀನು ಮಾರುಕಟ್ಟೆಯ ಮಾವ್ಶಿ ಕೊಯ್ತಾ ಎತ್ತಿಕೊಂಡು ಕೇಳುತ್ತಾಳೆ: ‘ಪಾತಳ ಕೀ ಜಾಡ?’ ತೆಳ್ಳಗೋ, ದಪ್ಪವೋ. ಹೆಚ್ಚಿನವರು ‘ಪಾತಳ’ ಎನ್ನುತ್ತಾರೆ. ನಮ್ಮ ಊರ ಕಡೆಯವರಂತೂ ಅವಳು ಕೇಳುವ ಮೊದಲೇ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಅಳತೆ ತೋರಿಸಿಬಿಡುತ್ತಾರೆ. ಅರ್ಧ ಇಂಚಿಗಿಂತ ಕೂದಲೆಳೆಯಷ್ಟೂ ಹೆಚ್ಚಿರಬಾರದು. ತೆಳ್ಳಗಿದ್ದರೆ ಮಸಾಲೆ ಹಿಡಿಯುತ್ತದೆ, ಬೇಗ ಬೇಯುತ್ತದೆ, ಒಂದೇ ಮೀನಿಗೆ ನಾಲ್ಕು ತುಂಡು ಹೆಚ್ಚಿಗೆ ಸಿಗುತ್ತದೆ. ಮೂರೂ ನಿಜ. ಆದರೂ ಈ ಭಾನುವಾರ ಒಮ್ಮೆ ‘ಜಾಡ’ ಎಂದು ಹೇಳಿ ನೋಡಿ. ಪೂರ್ತಿ ಒಂದು ಇಂಚು. ಮನೆಯಲ್ಲೇ ಸ್ಟೀಕ್ ಊಟ ಮಾಡಬೇಕು, ಹೇಗೆ ಎಂದು ಕೇಳುವವರಿಗೆ ನನ್ನ ಸಲಹೆ ಅಲ್ಲಿಂದಲೇ ಶುರುವಾಗುತ್ತದೆ.

ಸ್ಟೀಕ್ ಎಂದರೆ ದನದ ಮಾಂಸವಲ್ಲವೇ ಎಂದು ಹುಬ್ಬೇರಿಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಗೋವಧೆಗೆ 1976ರ ಕಾಯ್ದೆಯಲ್ಲೇ ನಿಷೇಧವಿತ್ತು. 2015ರ ಮಾರ್ಚ್‌ನಿಂದ ಎತ್ತು, ಹೋರಿಗಳೂ ಅದರೊಳಗೆ ಬಂದವು. ಎಮ್ಮೆ ಕೋಣಗಳಿಗೆ ಆ ನಿಷೇಧವಿಲ್ಲ. ಹಾಗಾಗಿ ಈ ನಗರದ ಹೋಟೆಲುಗಳು ಸ್ಟೀಕ್ ಎಂದು ಬಡಿಸುವುದು ಬಹುಮಟ್ಟಿಗೆ ಎಮ್ಮೆಯ ಬೆನ್ನೊಳಗಿನ ಮೆತ್ತನೆಯ ಭಾಗವನ್ನು. ಕಸಾಯಿ ಅಂಗಡಿಯಲ್ಲಿ ಅದಕ್ಕೆ ‘ಅಂಡರ್‌ಕಟ್’ ಎನ್ನುತ್ತಾರೆ. ಓರ್ಲೆಮ್ ಕಡೆಯ ಕ್ರೈಸ್ತರ ಮನೆಗಳಲ್ಲಿ ಅದನ್ನು ಚೆನ್ನಾಗಿ ಮಾಡುತ್ತಾರೆ; ತಿನ್ನುವವರು ಅಲ್ಲಿ ತಿನ್ನಲಿ. ಉಳಿದ ಮುಂಬಯಿಗೆ ಸ್ಟೀಕ್ ಪರಿಚಯವಾದದ್ದು ಸಿಜ್ಲರ್ ರೂಪದಲ್ಲಿ: ಕಾದ ಕಬ್ಬಿಣದ ತಟ್ಟೆ, ಅಡಿಯಲ್ಲಿ ಎಲೆಕೋಸಿನ ಎಲೆ, ಮೇಲೆ ಹೊಗೆ, ಎಲ್ಲದರ ಮೇಲೂ ಒಂದೇ ಕಂದು ಸಾಸ್. ಅದರಲ್ಲಿ ಊಟಕ್ಕಿಂತ ಸದ್ದು ಹೆಚ್ಚು.

ನನ್ನ ಮಟ್ಟಿಗೆ ಸ್ಟೀಕಿನ ಮರ್ಮ ಇರುವುದು ದಪ್ಪದಲ್ಲಿ. ಹೊರಮೈ ಕೆಂಪಗೆ ಗರಿಯಾಗುವಷ್ಟು ಬೆಂಕಿ ತಗಲಬೇಕು, ಅಷ್ಟರೊಳಗೆ ನಡುಭಾಗ ಒಣಗಬಾರದು. ಇದಕ್ಕೆ ಬೇಕಾದ ಜಾಗ ಅರ್ಧ ಇಂಚಿನಲ್ಲಿಲ್ಲ. ಕುರಿಯೋ ಕೋಣವೋ ಮೀನೋ ಎಂಬುದು ಆಮೇಲಿನ ಮಾತು. ನಡುವೆ ಬೆನ್ನುಮೂಳೆ ಉಳಿಯುವಂತೆ ಅಡ್ಡಡ್ಡ ಕೊಯ್ದ ಅಂಜಲ್ ತುಂಡಿಗೆ ಲೋಕವೆಲ್ಲ ಸ್ಟೀಕ್ ಎಂದೇ ಹೇಳುತ್ತದೆ. ನಮ್ಮವರು ಅಜ್ಜನ ಕಾಲದಿಂದ ಕೊಯ್ಯುತ್ತ ಬಂದದ್ದೂ ಹಾಗೆಯೇ, ತೆಳ್ಳಗೆ ಅಷ್ಟೆ.

ತುಳುನಾಡಿನವರಿಗೆ ಅಂಜಲ್, ಕೊಂಕಣಿಗರಿಗೆ ಇಸ್ವಾಣ, ಇಲ್ಲಿನವರಿಗೆ ಸುರಮಯಿ. ಬಂಗುಡೆಯ ಕುಟುಂಬವೇ. ಮಾರುಕಟ್ಟೆಗೆ ಎರಡು ಬಗೆ ಬರುತ್ತವೆ. ಮೈಮೇಲೆ ಅಡ್ಡಕ್ಕೆ ಅಲೆಯಂಥ ಗೆರೆಗಳಿರುವುದು ಒಂದು, ಸಾಲುಸಾಲು ಚುಕ್ಕೆಗಳಿರುವುದು ಇನ್ನೊಂದು. ಗೆರೆಯದು ಹೆಚ್ಚು ದೊಡ್ಡದಾಗಿ ಬೆಳೆಯುತ್ತದೆ, ಸ್ಟೀಕಿಗೆ ಅದೇ ಸರಿ. ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಕಣ್ಣು ತಿಳಿಯಾಗಿ ಉಬ್ಬಿರಬೇಕು. ಹೊಟ್ಟೆ ಒತ್ತಿದರೆ ಬೆರಳ ಗುರುತು ನಿಲ್ಲಬಾರದು. ಕೊಯ್ದಿಟ್ಟ ತುಂಡು ಎಷ್ಟೇ ಚಂದ ಕಂಡರೂ ಬೇಡ, ಇಡೀ ಮೀನು ಆರಿಸಿ ಕಣ್ಣೆದುರೇ ಕೊಯ್ಸಿ. ಹೊಟ್ಟೆಯ ಹಿಂದಿನಿಂದ ಬಾಲದ ಕಡೆಗೆ ಹೋಗುವ ಭಾಗದಲ್ಲಿ ಪೊಳ್ಳಿಲ್ಲದ ಗುಂಡು ತುಂಡುಗಳು ಸಿಗುತ್ತವೆ. ಒಂದೇ ಸಮ ಬೇಯುವುದು ಅವೇ. ಹೊಟ್ಟೆಯ ತುಂಡಿಗೆ ರುಚಿ ಜಾಸ್ತಿ, ಆದರೆ ಅದರ ಎರಡು ತೆಳು ಕಾಲುಗಳು ನಡುಭಾಗಕ್ಕಿಂತ ಮೊದಲೇ ಬೆಂದು ಒಣಗುತ್ತವೆ.

ಮಢ್, ಭಾಟಿಯ ಕೋಲಿವಾಡೆಗಳು ಇಷ್ಟು ಹತ್ತಿರವಿರುವಾಗ ಸುರಮಯಿ ಅಲ್ಲಿಂದಲೇ ಬರುತ್ತದೆಂದು ಮಲಾಡಿನ ಜನ ತಿಳಿದಿರುತ್ತಾರೆ. ಆದರೆ ಆ ತೀರದ ಕಸುಬು ಮುಖ್ಯವಾಗಿ ಡೋಲ್ ಬಲೆಯದು. ಉಬ್ಬರ ಇಳಿತದ ಸೆಳವಿಗೆ ಅಡ್ಡ ಕಟ್ಟುವ ಆ ಚೀಲದ ಬಲೆಗೆ ಬೀಳುವುದು ಬೊಂಬಿಲ್, ಜವಳಾ, ಸಣ್ಣ ಸಿಗಡಿ. ಬಿದಿರ ಗಳುಗಳ ಮೇಲೆ ಒಣಗಲು ನೇತುಹಾಕಿದ ಬೊಂಬಿಲ್ ಸಾಲು ಕಂಡರೆ ಊರು ತಿಳಿಯಿತು ಎಂದೇ ಅರ್ಥ. ಸುರಮಯಿ ತೆರೆದ ಕಡಲಲ್ಲಿ ಓಡುವ ಬೇಟೆಗಾರ ಮೀನು. ಅದು ನಮಗೆ ತಲುಪುವುದು ಸಸೂನ್ ಡಾಕ್, ಭಾವೂಚಾ ಧಕ್ಕಾಗಳ ದಾರಿಯಾಗಿ. ದಕ್ಷಿಣದ ಬಂದರುಗಳಿಂದ ಮಂಜುಗಡ್ಡೆಯಲ್ಲಿ ಕೂತು ಬಂದದ್ದೂ ಅದರಲ್ಲಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಜೆ. ಆ 61 ದಿನಗಳಲ್ಲಿ ಯಾರಾದರೂ ದೊಡ್ಡ ಸುರಮಯಿಯನ್ನು ‘ತಾಜಾ’ ಎಂದರೆ ನಕ್ಕು ಮುಂದೆ ಹೋಗಿ.

ಒಂದು ಎಚ್ಚರಿಕೆ. ಬಂಗುಡೆ ಕುಲದ ಮೀನು ಬಿಸಿಲಿನಲ್ಲಿ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ; ತಿಂದವರ ನಾಲಿಗೆ ಚುರುಗುಟ್ಟುತ್ತದೆ, ಮುಖ ಕೆಂಪೇರುತ್ತದೆ. ಮೀನು ಕೊಂಡ ಮೇಲೆ ಎಸ್.ವಿ. ರೋಡಿನಲ್ಲಿ ಇನ್ನೆರಡು ಕೆಲಸ ಮುಗಿಸಿ ಬರುತ್ತೇನೆ ಎನ್ನುವವರು ಚೀಲದಲ್ಲಿ ಮಂಜುಗಡ್ಡೆ ಹಾಕಿಸಿಕೊಳ್ಳಿ. ಮಾವ್ಶಿ ಇಲ್ಲವೆನ್ನುವುದಿಲ್ಲ.

ಮೀನಿನ ವಿಷಯದಲ್ಲಿ ಈ ನಗರದ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಇಲ್ಲಿ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದೇ 1902ರಲ್ಲಿ. ಕೋಟೆಯ ಮಹೇಶ್ ಲಂಚ್ ಹೋಮ್‌ನಂಥ ಹೋಟೆಲುಗಳು ಗಸಿ, ತವಾ ಫ್ರೈಗಳನ್ನು ಗುಜರಾತಿ ಪಾರ್ಸಿಗಳ ಬಾಯಿಗೂ ಹತ್ತಿಸಿದವು. ನನ್ನ ತಕರಾರು ಇರುವುದು ಒಂದೇ ಕಡೆ. ತೆಳು ತುಂಡಿಗೆ ಮೆಣಸು, ಹುಣಸೆ, ಬೆಳ್ಳುಳ್ಳಿ ಮೆತ್ತಿ, ರವೆ ಹೊರಳಿಸಿ, ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಮೇಲೆ ನಾವು ಹೊಗಳುವುದು ಮಸಾಲೆಯನ್ನು. ಮೀನು ಅದಕ್ಕೊಂದು ನೆಪ. ಆ ರವೆಯ ಹೊದಿಕೆ ಬಂದದ್ದಾದರೂ ಯಾಕೆ? ತೆಳು ಮೀನು ಒಣಗದಿರಲಿ ಎಂದು. ದಪ್ಪ ತುಂಡಿಗೆ ಆ ಕಾವಲು ಬೇಡ.

ನಾಲ್ವರಿಗೆ ನಾಲ್ಕು ತುಂಡು, ಒಂದೊಂದು ಸುಮಾರು 200 ಗ್ರಾಂ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ ತುಂಡುಗಳನ್ನು ಅದರಲ್ಲಿ 20 ನಿಮಿಷ ಮುಳುಗಿಸಿಡಿ. ಉಪ್ಪು ಒಳಗಿಳಿಯುತ್ತದೆ, ಬೇಯುವಾಗ ನೀರು ಬಿಡುವುದು ಕಡಿಮೆಯಾಗುತ್ತದೆ, ಮೇಲ್ಮೈಯಲ್ಲಿ ಬಿಳಿ ಗಸಿಯಂತೆ ಒಸರುವ ಪ್ರೋಟೀನೂ ತಗ್ಗುತ್ತದೆ. ಅರಿಸಿನ ಬೇಡ. ನಿಂಬೆರಸವಂತೂ ಈಗಲೇ ಬೇಡ, ಹುಳಿಗೆ ಮೇಲ್ಮೈ ಬೆಂದಂತಾಗಿ ಮೆತ್ತಗಾಗುತ್ತದೆ. ತೆಗೆದು ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಈ ಒರೆಸುವ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಮುಂದೆ ಯಾವ ಬೆಂಕಿಯೂ ಕೈಹಿಡಿಯದು. ಮೈಮೇಲಿನ ನೀರು ಆವಿಯಾಗುವವರೆಗೆ ಮೀನು ಕೆಂಪಾಗುವುದಿಲ್ಲ, ಬರೀ ಬೇಯುತ್ತದೆ.

ಪಾತ್ರೆ ಕಬ್ಬಿಣದ್ದೇ ಇರಲಿ. ಮನೆಯಲ್ಲಿ ಪಳಗಿದ ಕಾವಲಿ ಇದ್ದೇ ಇರುತ್ತದೆ, ಆದರೆ ನೀರುದೋಸೆಯ ಕಾವಲಿಗೆ ಮೀನು ಹಾಕಲು ಯಾವ ಮನೆಯಲ್ಲೂ ಅನುಮತಿ ಸಿಗದು, ಸಿಗಲೂಬಾರದು. ಭಾಕರಿ ಸುಡುವ ಕಬ್ಬಿಣದ ತವಾ ಒಂದನ್ನು ಇದಕ್ಕೆಂದೇ ಪಳಗಿಸಿಡಿ. ಹನಿ ನೀರು ಚಿಮುಕಿಸಿದರೆ ಅದು ಆರದೆ ಮುತ್ತಾಗಿ ಓಡಾಡುವಷ್ಟು ಕಾಯಲಿ. ಎರಡು ಚಮಚ ಶೇಂಗಾ ಎಣ್ಣೆ. ಮೊದಲು ತುಂಡನ್ನು ಮಲಗಿಸಬೇಡಿ. ಚಿಮಟಿಗೆಯಲ್ಲಿ ಹಿಡಿದು ಅಂಚಿನ ಮೇಲೆ ನಿಲ್ಲಿಸಿ, ಚರ್ಮ ತವಾಕ್ಕೆ ತಗಲುವಂತೆ ಗಾಲಿಯ ಹಾಗೆ ನಿಧಾನ ಹೊರಳಿಸುತ್ತ ಒಂದು ಸುತ್ತು ತನ್ನಿ. ಅಡ್ಡ ಕೊಯ್ದ ತುಂಡಿಗೆ ಚರ್ಮ ಇರುವುದು ಅಂಚಿನಲ್ಲಿ ಮಾತ್ರ. ಇಷ್ಟು ಮಾಡದಿದ್ದರೆ ಅದು ರಬ್ಬರಾಗಿ ತಟ್ಟೆಯ ಬದಿಗೆ ಹೋಗುತ್ತದೆ. ಆಮೇಲೆ ಮಲಗಿಸಿ, ಮೂರು ನಿಮಿಷ ಮುಟ್ಟಬೇಡಿ. ಸರಿಯಾಗಿ ಕೆಂಪಾದ ಮೀನು ತಾನಾಗಿ ತವಾ ಬಿಡುತ್ತದೆ. ಮಗುಚಿ, ಉರಿ ತಗ್ಗಿಸಿ, ಒಂದು ತುಂಡು ಬೆಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ಬೆಣ್ಣೆಯನ್ನು ಚಮಚದಲ್ಲಿ ಎತ್ತೆತ್ತಿ ಮೇಲೆ ಹುಯ್ಯುತ್ತ ಇನ್ನೆರಡು ಮೂರು ನಿಮಿಷ.

ದಪ್ಪ ಇಂಚೊಂದಕ್ಕೆ ಹತ್ತು ನಿಮಿಷ ಎಂಬ ಕೆನಡಾದ ಹಳೆಯ ಲೆಕ್ಕವೊಂದು ಪಾಕಪುಸ್ತಕಗಳಲ್ಲಿ ಓಡಾಡುತ್ತದೆ. ಅಂಜಲ್‌ಗೆ ಅಷ್ಟು ಕೊಟ್ಟರೆ ಹತ್ತಿ ಜಗಿಯಬೇಕಾದೀತು. ಮೀನಿನ ಸ್ನಾಯು 50 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗತೊಡಗುತ್ತದೆ, 60 ದಾಟುತ್ತಲೇ ರಸ ಬಿಟ್ಟು ಒಣಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಬೆನ್ನುಮೂಳೆಯ ಪಕ್ಕ ಚಾಕುವಿನ ತುದಿ ಚುಚ್ಚಿ ಮೆಲ್ಲಗೆ ಮೀಟಿ ನೋಡಿ. ಮಾಂಸ ಮೂಳೆಯನ್ನು ಇನ್ನೂ ಚೂರೇ ಹಿಡಿದುಕೊಂಡಿದ್ದರೆ ತೆಗೆಯಲು ಅದೇ ಹೊತ್ತು. ತಟ್ಟೆಯಲ್ಲಿ ಕೂತ ಮೂರು ನಿಮಿಷದಲ್ಲಿ ಉಳಿದದ್ದು ಒಳಗಿನ ಬಿಸಿಗೇ ಬೇಯುತ್ತದೆ. ಬಸುರಿಯರಿಗೆ, ಎಳೆ ಮಕ್ಕಳಿಗೆ ಬಡಿಸುವುದಾದರೆ ಮೂಳೆ ಪೂರ್ತಿ ಬಿಡುವವರೆಗೆ ಕಾಯಿರಿ. ಹೊಗೆ ಬರುತ್ತದೆ, ಅಡುಗೆಮನೆಯ ಕಿಟಕಿ ತೆರೆದಿಡಿ. ಪಕ್ಕದ ಮನೆಯವರು ಶಾಕಾಹಾರಿಗಳಾಗಿದ್ದರೆ ಆ ಕಿಟಕಿ ಯಾವ ಕಡೆಗಿದೆ ಎಂದೂ ನೋಡಿಕೊಳ್ಳಿ.

ಇನ್ನು ಹಸಿರು ಸಾಸ್. ಅರ್ಜೆಂಟೀನಾದವರ ಚಿಮಿಚುರಿ, ಇಟಲಿಯವರ ಸಾಲ್ಸಾ ವೆರ್ದೆ ಎರಡರ ಕಟ್ಟೋಣವೂ ಒಂದೇ: ಹಸಿ ಸೊಪ್ಪು, ಬೆಳ್ಳುಳ್ಳಿ, ಹುಳಿ, ಎಣ್ಣೆ. ಅವರು ಪಾರ್ಸ್ಲಿ ಹಾಕುತ್ತಾರೆಂದು ಅದನ್ನು ಹುಡುಕಿಕೊಂಡು ಮಾಲ್‌ಗೆ ಹೋಗುವುದೇಕೆ? ಸಬ್ಬಸಿಗೆ ಇದೆ. ಮೀನಿಗೂ ಸಬ್ಬಸಿಗೆಗೂ ಇರುವ ನಂಟನ್ನು ಸ್ವೀಡನ್, ನಾರ್ವೆಯವರು ಎಂದೋ ಕಂಡುಕೊಂಡಿದ್ದಾರೆ. ಅಲ್ಲಿ ಉಪ್ಪು ಸಕ್ಕರೆ ಹಚ್ಚಿದ ಸಾಲ್ಮನ್ ಈ ಸೊಪ್ಪಿಲ್ಲದೆ ಪೂರ್ತಿಯಾಗದು. ನಾವು ಅದನ್ನು ಅಕ್ಕಿರೊಟ್ಟಿಗೂ ಬಸ್ಸಾರಿಗೂ ಮೀಸಲಿಟ್ಟು ಕೂತಿದ್ದೇವೆ. ಮಲಾಡಿನ ಯಾವ ತರಕಾರಿ ಗಾಡಿಯಲ್ಲಾದರೂ ‘ಶೇಪೂ’ ಎಂದರೆ ಸಿಗುತ್ತದೆ.

ಕೊತ್ತಂಬರಿ ಒಂದು ಜುಡಿ, ಸಬ್ಬಸಿಗೆ ಅರ್ಧ, ಪುದೀನ ಹತ್ತೇ ಎಲೆ, ಹಸಿಮೆಣಸು ಎರಡು, ಬೆಳ್ಳುಳ್ಳಿ ನಾಲ್ಕು ಎಸಳು. ತೊಳೆದು ಒಣಗಿಸಿ ಚೂಪಾದ ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ. ಮಿಕ್ಸಿ ಮುಟ್ಟಬೇಡಿ: ಅರೆದರೆ ಎಲ್ಲ ಸೇರಿ ಒಂದೇ ರುಚಿಯಾಗುತ್ತದೆ, ಹೆಚ್ಚಿದರೆ ಒಂದು ತುತ್ತಿಗೆ ಸಬ್ಬಸಿಗೆ ಸಿಕ್ಕರೆ ಇನ್ನೊಂದಕ್ಕೆ ಪುದೀನ. ತೆಂಗಿನತುರಿಗೆ ಕೈ ಹೋಗುತ್ತದೆ, ತಡೆದುಕೊಳ್ಳಿ. ಆದರೆ ತೆಂಗಿನೆಣ್ಣೆ ಇರಲಿ, ಆರು ಚಮಚ, ಗಾಣದ್ದು. ಆಲಿವ್ ಎಣ್ಣೆಗಿಂತ ಅಂಜಲ್‌ಗೆ ಇದೇ ಹೊಂದುತ್ತದೆ ಎಂಬುದು ನನ್ನ ಹಟ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಸಾಸನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹುಳಿಗೆ ಕಳ್ಳಿನ ವಿನೆಗರ್ ಎರಡು ಚಮಚ. ಗೋವಾ ಸಾಮಾನು ಇಡುವ ಅಂಗಡಿಗಳಲ್ಲಿ ಕೇಳಿ. ಮಢ್, ಮಾರ್ವೆ, ಖಾರೋಡಿಯ ಹಳೆಯ ನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ರೈಸ್ತರ ಅಡುಗೆಗೆ ವಿನೆಗರ್ ಹೊಸತಲ್ಲ. ಈ ಊರುಗಳಿರುವ ಸಾಷ್ಟಿ ದ್ವೀಪ 1730ರ ದಶಕದವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಆ ಹುಳಿ ಆ ಕಾಲದ ಬಳುವಳಿ. ವಿನೆಗರ್ ಸಿಗದಿದ್ದರೆ ನಿಂಬೆ. ಯಾವುದಾದರೂ ಬಡಿಸುವ ಹೊತ್ತಿಗೇ ಸೇರಿಸಿ. ಹುಳಿ ತಾಗಿದ ಸೊಪ್ಪು ಗಂಟೆಯೊಳಗೆ ಹಸಿರು ಕಳೆದುಕೊಂಡು ಮಂಕಾಗುತ್ತದೆ.

ಮೀನಿನ ಪಕ್ಕಕ್ಕೆ ಗೆಣಸಿನ ಮುದ್ದೆ. ಗೆಣಸು ಕೊಳ್ಳಲು ಮಹಾಶಿವರಾತ್ರಿ ಕಳೆದ ವಾರ ಒಳ್ಳೆಯದು. ಉಪವಾಸಕ್ಕೆಂದು ಗಾಡಿಗಳಲ್ಲಿ ಪೇರಿಸಿದ ರತಾಳಿ ಆಗಿನ್ನೂ ಉಳಿದಿರುತ್ತದೆ. ಉಪವಾಸದ ಗೆಡ್ಡೆಯನ್ನು ಮೀನಿನ ಪಕ್ಕ ಕೂರಿಸುವುದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ, ಅದು ಅಮೆರಿಕ ಖಂಡದಿಂದ ಬಂದ ಗೆಡ್ಡೆ, ನಮ್ಮ ವ್ರತಗಳಿಗೆ ಸೇರಿದ್ದು ಆಮೇಲೆ ಎಂದು ನೆನಪಿಸಿ. ಬೆಳಗಾವಿ, ಖಾನಾಪುರದ ಹೊಲಗಳಿಂದ ಲಾರಿಗಟ್ಟಲೆ ಗೆಣಸು ಹೊರರಾಜ್ಯಗಳಿಗೆ ಹೋಗುತ್ತದೆ. ಕೆಂಪು ಸಿಪ್ಪೆ, ಬಿಳಿ ತಿರುಳಿನ ಆ ಜಾತಿಯೇ ನಮಗೆ ಬೇಕಾದದ್ದು. ಪರದೇಶದ ಪಾಕವಿಧಾನಗಳಲ್ಲಿ ಬರುವ ಕಿತ್ತಳೆ ತಿರುಳಿನದು ಹೆಚ್ಚು ನೀರು, ಹೆಚ್ಚು ಸಿಹಿ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನು ಕೊಟ್ಟಿದೆ, ಕಣ್ಣಿಗೆ ಒಳ್ಳೆಯದು. ಮೀನಿನ ಜೊತೆಗೆ ನನಗೆ ಬಿಳಿಯದೇ ಇಷ್ಟ.

ಮುಕ್ಕಾಲು ಕಿಲೋ ಸಾಕು. ಕುಕ್ಕರಿನಲ್ಲಿ ಕೂಗಿಸುವುದು ಸುಲಭ, ಆದರೆ ಗೆಣಸು ಸಿಹಿಯಾಗುವುದು ನಿಧಾನದಲ್ಲಿ. ಅದರೊಳಗಿನ ಕಿಣ್ವವೊಂದು ಸುಮಾರು 57ರಿಂದ 75 ಡಿಗ್ರಿಯ ನಡುವೆ ಕೂತು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಕುಕ್ಕರ್ ಆ ಹಂತವನ್ನು ಓಡಿ ದಾಟಿಬಿಡುತ್ತದೆ. ದಪ್ಪ ತಳದ ಬಾಣಲೆಗೆ ಗೆಣಸನ್ನು ಸಿಪ್ಪೆ ಸಮೇತ ಹಾಕಿ, ಮುಚ್ಚಳ ಬಿಗಿದು, ಅತಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಆಗಾಗ ಹೊರಳಿಸುತ್ತ ಬಿಡಿ. ಸಿಪ್ಪೆಯ ಬಿರುಕಿನಲ್ಲಿ ಪಾಕ ಒಸರಿ ಕಪ್ಪಾಗಿ ಅಂಟಿದ್ದು ಕಂಡರೆ ಆಯಿತು. ಬಿಸಿ ಇರುವಾಗಲೇ ಸುಲಿದು ಜರಡಿಯಲ್ಲಿ ಒತ್ತಿ ನಾರು ತೆಗೆಯಿರಿ. ಬಿಳಿ ಗೆಣಸು ಒಣ ಸ್ವಭಾವದ್ದು. ಕಾಯಿಹಾಲು ಬಿಸಿ ಮಾಡಿ ಅರ್ಧ ಲೋಟದವರೆಗೆ ಕುಡಿಸಿ, ಒಂದು ಚಮಚ ತುಪ್ಪ, ಉಪ್ಪು, ಆಗಷ್ಟೇ ಪುಡಿ ಮಾಡಿದ ಕಾಳುಮೆಣಸು ಕೈಬಿಚ್ಚಿ. ಬೆಲ್ಲ ಬೇಡ, ಏಲಕ್ಕಿ ಬೇಡ, ಪಾಯಸ ಮಾಡುತ್ತಿಲ್ಲ. ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇದರ ಮೇಲೆ ಮಾರ್ಷ್‌ಮ್ಯಾಲೋ ಹಚ್ಚಿ ಸುಡುತ್ತಾರೆ. ಅದು ಅವರ ಕರ್ಮ.

ಹೊತ್ತಿನ ಲೆಕ್ಕ ತಪ್ಪದಿರಲಿ. ಗೆಣಸು ಎಲ್ಲಕ್ಕಿಂತ ಮೊದಲು. ಅದು ಮುಚ್ಚಿಟ್ಟರೆ ಬಿಸಿಯಾಗಿಯೇ ಇರುತ್ತದೆ. ಸೊಪ್ಪು ಹೆಚ್ಚುವುದು ಮೀನು ಉಪ್ಪುನೀರಿನಲ್ಲಿರುವಾಗ. ಮೀನು ತವಾಕ್ಕೆ ಬೀಳುವುದು ಎಲ್ಲರೂ ಕೈತೊಳೆದು ಕೂತ ಮೇಲೆ. ತಟ್ಟೆಯಲ್ಲಿ ಮುದ್ದೆ ಗೆಣಸು ಕೆಳಗೆ, ಅದಕ್ಕೆ ಒರಗಿಸಿ ಮೀನು, ಸಾಸ್ ಪಕ್ಕದಲ್ಲಿ ಎರಡು ಚಮಚ. ಮೀನಿನ ಮೇಲೆ ಸುರಿದರೆ ಕಷ್ಟಪಟ್ಟು ತಂದ ಗರಿ ಎರಡೇ ನಿಮಿಷದಲ್ಲಿ ನೆನೆದುಹೋಗುತ್ತದೆ. ಫೋರ್ಕಿನ ಹಂಗೂ ಬೇಡ, ಕೈಯಲ್ಲೇ ಮುರಿಯಿರಿ: ಅಂಜಲ್ ದಳದಳವಾಗಿ ಬಿಡಿಸಿಕೊಳ್ಳುತ್ತದೆ, ಮುಳ್ಳಿನ ರಗಳೆ ನಡುಮೂಳೆಯ ಸುತ್ತ ಮಾತ್ರ.

ಇಡೀ ಮೀನು ಕೊಂಡಿದ್ದೀರಿ, ಆದ್ದರಿಂದ ತಲೆ ಕೇಳಿ ತೆಗೆದುಕೊಳ್ಳಿ. ಎರಡಾಗಿ ಸೀಳಿಸಿ, ಕಿವಿರು ತೆಗೆಸಿ ತನ್ನಿ. ಅದನ್ನೂ ಹೊಟ್ಟೆಯ ತುಂಡುಗಳನ್ನೂ ಮರುದಿನಕ್ಕೆ ಗಸಿ ಮಾಡಿ, ಮೆಣಸು ಮಂಗಳೂರಿನ ಲೆಕ್ಕದಲ್ಲೇ ಇರಲಿ.